ರೂಮ್ ನಂಬರ್ ಆರು: ನಮ್ಮ ಕಡೆಯ ಹಾಸ್ಟೆಲ್ ಬಳಗಗಳ ಕಥೆ

ಹೋದ ವರ್ಷ ಬೇಸಿಗೆಯಲ್ಲಿ ಸಿರವಾರದ ಒಂದು ಮದುವೆಗೆ ನಾವು ನಾಲ್ವರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನಮ್ಮ ಎದುರಿಗೆ ಐವತ್ತು ದಾಟಿದ ಏಳೆಂಟು ಮಂದಿ ಕೂತಿದ್ದರು. ಒಬ್ಬರು ಪ್ರೈಮರಿ ಶಾಲೆ ಮಾಸ್ತರು, ಒಬ್ಬರದು ರಾಯಚೂರಿನಲ್ಲಿ ಹತ್ತಿ ಅಡತಿ ಅಂಗಡಿ, ಇನ್ನೊಬ್ಬರು ವಕೀಲರು. ಹೋಳಿಗೆ ಬಡಿಸುವ ಹೊತ್ತಿಗೆ ಮಾಸ್ತರು ಕೇಳಿದರು: “ಆರು ನಂಬರ್ ಎಲ್ಲಿಲೇ? ಬಂದಿಲ್ಲೇನು?” ಅಡತಿಯವರು ಹೇಳಿದರು: “ಆರು ನಂಬರಿಗೆ ಶುಗರ್ ಆಗ್ಯಾದ. ಹೋಳಿಗಿ ಇದ್ದ ಕಡಿ ಅವನ ಹೇಣ್ತಿ ಕಳಸಂಗಿಲ್ಲ.” ಸಾಲಿಗೆ ಸಾಲೇ ನಕ್ಕಿತು.

ಊಟ ಮುಗಿದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತವರ ಹತ್ತಿರ ಹೋಗಿ ಕೇಳಿದೆವು. ಎಲ್ಲರೂ ರಾಯಚೂರಿನ ಒಂದೇ ಬೋರ್ಡಿಂಗಿನಲ್ಲಿ ಇದ್ದು ಪಿಯುಸಿ, ಡಿಗ್ರಿ ಓದಿದವರು. ನಲವತ್ತು ವರ್ಷದ ಹಿಂದಿನ ಮಾತು. ಆರನೇ ರೂಮಿನಲ್ಲಿದ್ದವನು ಇವತ್ತಿಗೂ ಆರು ನಂಬರ್. ಅವನ ನಿಜವಾದ ಹೆಸರು ಲಗ್ನಪತ್ರಿಕೆಯಲ್ಲಿ ನೋಡಿದಾಗಲೇ ಗೊತ್ತಾಗಿದ್ದು ಎಂದು ವಕೀಲರು ಹೇಳಿದರು. ಹಾಗೆ ಹೇಳುವಾಗ ಅವರು ತಮಾಷೆ ಮಾಡುತ್ತಿದ್ದರೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಅಂದಿನಿಂದ ಈ ಬಳಗಗಳ ಚರಿತ್ರೆ ಬರೆಯಬೇಕು ಅನ್ನಿಸಿತ್ತು. ಬರೆಯಲು ಕೂತಾಗ ಮೊದಲು ಕಂಡಿದ್ದು ಇದು: ಮಠಗಳಿಗೆ ಚರಿತ್ರೆ ಇದೆ, ಕಾಲೇಜುಗಳಿಗೆ ಸ್ಮರಣ ಸಂಚಿಕೆ ಇದೆ, ಸಂಘಗಳಿಗೆ ಅಧ್ಯಕ್ಷರ ಫೋಟೊಗಳ ಸಾಲಿದೆ. ಹಾಸ್ಟೆಲಿಗೆ ಮಾತ್ರ ಏನೂ ಇಲ್ಲ. ದಾಖಲಾತಿ ರಿಜಿಸ್ಟರು ತುಂಬಿದ ಮೇಲೆ ಅಟ್ಟಕ್ಕೆ ಹೋಗುತ್ತದೆ, ಅಟ್ಟ ತುಂಬಿದ ಮೇಲೆ ರದ್ದಿಗೆ. ನಮ್ಮದೇ ಹಾಸ್ಟೆಲಿನ ಬಾಗಿಲ ಹಿಂದೆ ಮೊಳೆಯಿಂದ ಕೊರೆದ ಹೆಸರುಗಳಿದ್ದವು, ಒಂದರ ಕೆಳಗೆ 1987 ಎಂದಿತ್ತು. ನಾವು ಬಿಟ್ಟು ಬಂದ ಮೇಲೆ ಬಾಗಿಲಿಗೆ ಹೊಸ ಬಣ್ಣ ಬಂತು. ಇದ್ದ ಒಂದು ದಾಖಲೆಯೂ ಹೋಯಿತು.

ಇಂಗ್ಲಿಷ್ ಸಿನಿಮಾ ನೋಡುವವರಿಗೆ ಅಮೆರಿಕದ ಕಾಲೇಜುಗಳ ‘ಫ್ರಟರ್ನಿಟಿ’ ಗೊತ್ತಿರುತ್ತದೆ. ಫ್ರಟರ್ನಿಟಿ ಎಂದರೆ ಅಣ್ಣತಮ್ಮಂದಿರ ಬಳಗ. ಪ್ರತಿ ಬಳಗಕ್ಕೂ ಎರಡು ಮೂರು ಗ್ರೀಕ್ ಅಕ್ಷರಗಳ ಹೆಸರು, ಊರೂರಿನ ಕಾಲೇಜಿನಲ್ಲಿ ಶಾಖೆ, ಆ ಶಾಖೆಗೆ ‘ಚಾಪ್ಟರ್’ ಎಂದು ಕರೆಯುತ್ತಾರೆ. ಇದರ ಮೂಲ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ಕಟ್ಟಿದ ಫೈ ಬೀಟಾ ಕಪ್ಪಾ. ಗುಟ್ಟಿನ ಪ್ರತಿಜ್ಞೆ, ತಮ್ಮವರನ್ನು ಗುರುತಿಸಲು ಕೈಕುಲುಕುವ ಒಂದು ವಿಶೇಷ ರೀತಿ, ಹೊಸಬರನ್ನು ಒಳಗೆ ಕರೆದುಕೊಳ್ಳುವ ಮೊದಲು ಪರೀಕ್ಷೆ, ಇವೆಲ್ಲ ಆ ಕಾಲದಿಂದ ಬಂದವು. ಮುಂದೆ ಪರೀಕ್ಷೆ ಎಂಬುದು ಎಷ್ಟೋ ಕಡೆ ಹಿಂಸೆಯಾಯಿತು, ಹುಡುಗರು ಸತ್ತರು. ಅದು ಬೇರೆ ಕಥೆ.

ನಮಗೆ ಹತ್ತಿರದ್ದು ಎನ್ನಿಸಿದ ಕಥೆ 1906ರದ್ದು. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಜನ ಕಪ್ಪು ವಿದ್ಯಾರ್ಥಿಗಳು ಸೇರಿ ಆಲ್ಫಾ ಫೈ ಆಲ್ಫಾ ಎಂಬ ಬಳಗ ಕಟ್ಟಿದರು. ಬಿಳಿಯರ ಬಳಗದ ಮನೆಗಳಿಗೆ ಅವರಿಗೆ ಪ್ರವೇಶವಿರಲಿಲ್ಲ. ಒಟ್ಟಿಗೆ ಕೂತು ಓದಲು, ಪುಸ್ತಕ ಹಂಚಿಕೊಳ್ಳಲು, ಕಾಲೇಜು ಬಿಟ್ಟು ಹೋಗದಂತೆ ಒಬ್ಬರನ್ನೊಬ್ಬರು ಹಿಡಿದುಕೊಳ್ಳಲು ಅವರಿಗೊಂದು ಆಸರೆ ಬೇಕಿತ್ತು. ಅದೇ 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯಿಂದ ಬರುವ ಮಕ್ಕಳಿಗೆ ಹಾಸ್ಟೆಲ್ ಕಟ್ಟುವುದು ಅಂಥ ಸಂಘಗಳ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರುವ ಮಾತೇ ಇಲ್ಲ. ಆದರೆ ಎರಡರ ಹಿಂದಿನ ಕಷ್ಟ ಒಂದೇ ಜಾತಿಯದು: ಕಾಲೇಜಿನ ಬಾಗಿಲು ಕಷ್ಟಪಟ್ಟು ತೆರೆಯಿತು, ರಾತ್ರಿ ಮಲಗುವುದು ಎಲ್ಲಿ?

ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ಇವತ್ತು ಪಿಜಿಗಳ ಕಾಲದಲ್ಲಿ ಕೂತು ಅಂದಾಜು ಮಾಡುವುದು ಕಷ್ಟ. ನೂರು ವರ್ಷದ ಹಿಂದೆ ಪಟ್ಟಣದಲ್ಲಿ ಜಾತಿ ಕೇಳದೆ ಬಾಡಿಗೆ ಕೋಣೆ ಸಿಗುತ್ತಿರಲಿಲ್ಲ. ಖಾನಾವಳಿಗಳಿಗೂ ಜಾತಿ ಇತ್ತು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಎಂಬ ದಾರಿ ಇತ್ತು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಲಿಂಗಾಯತ ಹುಡುಗರಿಗೆ ಮಠದ ಪ್ರಸಾದ. ಉಳಿದವರಿಗೆ ಅದೂ ಇಲ್ಲ.

ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮವರಿಗೆ ಸೂರು ಕಟ್ಟಲು ಹೊರಟರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ ದಲಿತ ಮಕ್ಕಳಿಗೆ ಶಾಲೆ, ವಸತಿ ಮಾಡಿದರು. ಇವರು ತಮ್ಮವರಿಗಲ್ಲದೆ ಬೇರೆಯವರಿಗೆ ಕಟ್ಟಿದವರು, ಅದಕ್ಕೆ ಸ್ವಂತ ಜಾತಿಯಿಂದ ಬಹಿಷ್ಕಾರವನ್ನೂ ಉಂಡರು. ಕೊಲ್ಹಾಪುರದ ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ಬೋರ್ಡಿಂಗ್ ತೆರೆದರು. ಮುಂದಿನ ಏಳೆಂಟು ವರ್ಷಗಳಲ್ಲಿ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಒಂದೊಂದು ಬೋರ್ಡಿಂಗ್ ಆಯಿತು. ಒಂದೇ ಊರಿನಲ್ಲಿ ಇಷ್ಟು ಅಡುಗೆಮನೆ ಯಾಕೆ ಎಂದು ಕೇಳಬಹುದು. ಒಂದೇ ಅಡುಗೆಮನೆ ಮಾಡಿದ್ದರೆ ಎಷ್ಟು ಮನೆಯವರು ಮಕ್ಕಳನ್ನು ಕಳಿಸುತ್ತಿದ್ದರು ಎಂಬುದನ್ನೂ ಕೇಳಬೇಕು. ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು 1883ರಲ್ಲೇ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಕೂಡಿಸಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಏಳು ಜನ ಶಿಕ್ಷಕರು, ಅವರನ್ನು ಸಪ್ತರ್ಷಿಗಳು ಎಂದು ಕರೆಯುವ ರೂಢಿ ಇದೆ. ಬೆಂಗಳೂರಿಗೆ ರೈಲಿಳಿದ ಹಳ್ಳಿಯವರಿಗೆ ಗುಬ್ಬಿ ತೋಟದಪ್ಪನವರ ಛತ್ರ, ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯ. ಮಠಗಳಲ್ಲಿ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಜೋಳ, ಬೇಳೆ ತಂದರು. ನಮ್ಮ ಕಡೆ ಇವತ್ತಿಗೂ ಸುಗ್ಗಿ ಮುಗಿದ ಮೇಲೆ ಮಠದ ದಾಸೋಹಕ್ಕೆ ಚೀಲಗಟ್ಟಲೆ ಜೋಳ ಹೋಗುವುದನ್ನು ಓದುಗರು ನೋಡಿರುತ್ತೀರಿ.

ಇದೆಲ್ಲ ಮೈಸೂರಿನ, ಮುಂಬಯಿ ಕರ್ನಾಟಕದ ಮಾತು. ನಮ್ಮ ರಾಯಚೂರು ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು, ಇಲ್ಲಿಯ ದಾರಿ ಬೇರೆ. ಮೇಲಿನ ಓದು ಎಂದರೆ ಹೈದರಾಬಾದು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದಾಗ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇಂಗ್ಲಿಷ್ ಬಿಟ್ಟು ದೇಶದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಧೈರ್ಯ ಮಾಡಿದ ಮೊದಲ ವಿಶ್ವವಿದ್ಯಾಲಯ ಅದು ಎಂದು ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಮಾನ್ವಿಯ ಹುಡುಗನಿಗೆ ಆ ದೇಶದ ಭಾಷೆಯೂ ಕಲಿತೇ ಬರಬೇಕಾದ ಭಾಷೆ. ರಾಯಚೂರಿನಿಂದ ರೈಲು ಹತ್ತಿ ವಾಡಿಯಲ್ಲಿ ಇಳಿದು, ಗಾಡಿ ಬದಲಿಸಿ ಹೈದರಾಬಾದಿಗೆ ಹೋಗಬೇಕು. ಅಲ್ಲಿ ಇಳಿದ ಮೇಲೆ ಅದೇ ಪ್ರಶ್ನೆ: ರಾತ್ರಿ ಮಲಗುವುದು ಎಲ್ಲಿ?

ಹೈದರಾಬಾದಿನ ಕೊತ್ವಾಲರಾಗಿ ಹೆಸರಾದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಮುಂದಾಳತ್ವದಲ್ಲಿ 1918ರಲ್ಲಿ ರೆಡ್ಡಿ ಹಾಸ್ಟೆಲ್ ಆರಂಭವಾಯಿತು. ಅದರ ಉಸ್ತುವಾರಿ ನೋಡಿಕೊಂಡವರಲ್ಲಿ ಸುರವರಂ ಪ್ರತಾಪ ರೆಡ್ಡಿ ಒಬ್ಬರು. ನಮ್ಮ ನೆರೆಯ ಪಾಲಮೂರು ಸೀಮೆಯವರು. ಪತ್ರಿಕೋದ್ಯಮ ಓದಿದ ನಮಗೆ ಇವರ ಬಗ್ಗೆ ಒಂದು ವಿಶೇಷ ಪ್ರೀತಿ. ಹಾಸ್ಟೆಲಿಗೆ ಒಳ್ಳೆಯ ಗ್ರಂಥಾಲಯ ಕಟ್ಟಿದ ಮನುಷ್ಯ 1926ರಲ್ಲಿ ‘ಗೋಲ್ಕೊಂಡ ಪತ್ರಿಕ’ ಆರಂಭಿಸಿದರು. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲ ಎಂದು ಯಾರೋ ಬರೆದಾಗ, ಊರೂರಿಗೆ ಕಾಗದ ಹಾಕಿ, 354 ಕವಿಗಳ ಪದ್ಯಗಳನ್ನು ಕೂಡಿಸಿ 1934ರಲ್ಲಿ ಒಂದು ಸಂಪುಟವನ್ನೇ ತಂದು ಉತ್ತರ ಕೊಟ್ಟರು. ತೆಲುಗಿಗೆ ಮೊದಲ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1955ರಲ್ಲಿ, ತೀರಿಕೊಂಡ ಮೇಲೆ ಬಂದಿದ್ದು ಇವರ ಪುಸ್ತಕಕ್ಕೆ. ನಮ್ಮ ಹಾಸ್ಟೆಲಿನ ಗ್ರಂಥಾಲಯ ಎಂದರೆ ಬೀಗ ಹಾಕಿದ ಒಂದು ಕಬ್ಬಿಣದ ಕಪಾಟು. ಬೀಗದ ಕೈ ವರ್ಗವಾಗಿ ಹೋದ ವಾರ್ಡನ್ ಹತ್ತಿರ ಉಳಿದಿತ್ತು.

ಅದೇ 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವಾಯಿತು, ಪಂಜೆ ಮಂಗೇಶರಾಯರು ಅಧ್ಯಕ್ಷರು. ಕೃಷ್ಣೆಯ ಆಚೆ ತೆಲುಗಿನವರು ತಾವಿದ್ದೇವೆ ಎಂದು ಪುಸ್ತಕದಲ್ಲಿ ತೋರಿಸುತ್ತಿದ್ದ ವರ್ಷವೇ ಈಚೆ ನಮ್ಮವರು ಚಪ್ಪರ ಹಾಕಿ ತೋರಿಸಿದರು.

ರಾಯಚೂರಿನ ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನಲ್ಲಿ ಹುಟ್ಟಿ ಇಲ್ಲಿಗೆ ಬಂದು ನೆಲೆಸಿದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಒಂದು ರಾಷ್ಟ್ರೀಯ ಶಾಲೆ ಕಟ್ಟಿದರು. ಅದಕ್ಕೆ ಜಾತಿಯ ಹೆಸರು, ದೇವರ ಹೆಸರು, ದಾನಿಯ ಹೆಸರು ಯಾವುದನ್ನೂ ಇಡದೆ ‘ಹಮ್‌ದರ್ದ್’ ಎಂದು ಕರೆದರು. ದರ್ದ್ ಎಂದರೆ ನೋವು, ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾದವನು. ಆಮೇಲೆ ಅವರು ನಿಜಾಮರ ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿ ರಾಜ್ಯ ಬಿಟ್ಟು, ತುಂಗಭದ್ರೆಯ ಆಚೆ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿಕೊಂಡರು. ಫ್ರಟರ್ನಿಟಿ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನಾವು ಬಹಳ ಹೊತ್ತು ತಲೆ ಕೆಡಿಸಿಕೊಂಡಿದ್ದೆವು. ನಮ್ಮೂರ ಸ್ಟೇಷನ್ ರೋಡಿನ ಆಟೊದವರಿಗೂ ಗೊತ್ತಿರುವ ಹೆಸರಿನಲ್ಲೇ ಉತ್ತರವಿತ್ತು.

ಮತ್ತೆ ಹೈದರಾಬಾದಿಗೆ ಬರೋಣ. 1938ರ ನವೆಂಬರ್. ಉಸ್ಮಾನಿಯಾದ ಹಾಸ್ಟೆಲಿನಲ್ಲಿ ಹಿಂದೂ ವಿದ್ಯಾರ್ಥಿಗಳಿಗೆ ಒಂದು ಪ್ರಾರ್ಥನೆಯ ಕೋಣೆ ಇತ್ತು. ಅಲ್ಲಿ ಅವರು ವಂದೇ ಮಾತರಂ ಹಾಡಲು ಶುರು ಮಾಡಿದರು. ಹಾಡಬೇಡಿ ಎಂದು ಆಡಳಿತ ಹೇಳಿತು. ಹುಡುಗರು ಕೇಳಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದರು, ಮುಷ್ಕರ ತರಗತಿಗಳಿಗೆ ಹಬ್ಬಿತು, ಕೊನೆಗೆ ನೂರಾರು ಜನರನ್ನು ವಿಶ್ವವಿದ್ಯಾಲಯದಿಂದಲೇ ತೆಗೆದರು. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಕಿಚ್ಚು ತಲುಪಿತು. ಓದು ನಿಂತುಹೋದ ಹುಡುಗರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಈ ಚಳವಳಿಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು.

ಈ ಘಟನೆಯನ್ನು ನಮ್ಮ ಕಡೆ ಸಾಮಾನ್ಯವಾಗಿ ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಹೇಳುತ್ತಾರೆ, ಅದು ಸರಿ. ನಾವು ಕೇಳಿಕೊಂಡಿದ್ದು ಬೇರೆ ಪ್ರಶ್ನೆ: ಇದು ತರಗತಿಯಲ್ಲಿ ಶುರುವಾಗದೆ ಹಾಸ್ಟೆಲಿನಲ್ಲೇ ಯಾಕೆ ಶುರುವಾಯಿತು? ತರಗತಿಯಲ್ಲಿ ಹುಡುಗ ಒಂಟಿ, ಪ್ರೊಫೆಸರ್ ಎದುರಿಗೆ ಕೂತವನು. ಹಾಸ್ಟೆಲಿನಲ್ಲಿ ರಾತ್ರಿ ಹತ್ತು ಗಂಟೆಗೆ ಒಂದೇ ಲಾಟೀನಿನ ಸುತ್ತ ಕೂತ ಎಂಟು ಜನರಲ್ಲಿ ಒಬ್ಬ. ಊರಿನಿಂದ ಬಂದ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾನೆ. ಒಬ್ಬನನ್ನು ಹೊರಗೆ ಹಾಕಿದರೆ ಎಂಟು ಹಾಸಿಗೆ ಸುತ್ತಿ ಇಡುತ್ತಾರೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಪ್ರಾರ್ಥನೆಯ ಕೋಣೆಯ ಆಚೆ ಗೋಡೆಗೆ ಮುಸ್ಲಿಂ ಹುಡುಗರೂ ಇದ್ದರು. ಅವರೂ ಬೀದರ್, ರಾಯಚೂರು, ಕಲಬುರಗಿ ಹಳ್ಳಿಗಳಿಂದ ಟ್ರಂಕು ಹೊತ್ತು ಬಂದವರೇ. ಒಂದು ಹಾಡು ಒಂದು ಬಳಗವನ್ನು ಗಟ್ಟಿ ಮಾಡಿತು, ಒಂದೇ ಮಹಡಿಯಲ್ಲಿ ಮಲಗುತ್ತಿದ್ದವರ ನಡುವೆ ಗೋಡೆಯನ್ನೂ ದಪ್ಪ ಮಾಡಿತು. ಹತ್ತು ವರ್ಷಕ್ಕೆ, 1948ರ ಸೆಪ್ಟೆಂಬರಿನಲ್ಲಿ, ನಿಜಾಮರ ಆಡಳಿತ ಮುಗಿಯಿತು. 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು. ಓದುವ ಹುಡುಗರ ಮುಖ ಹೈದರಾಬಾದಿನಿಂದ ಕಲಬುರಗಿ, ಧಾರವಾಡ, ಬೆಂಗಳೂರಿಗೆ ತಿರುಗಿತು.

ಸರ್ಕಾರಿ ಹಾಸ್ಟೆಲುಗಳ ಕಥೆಯನ್ನು ಒಬ್ಬ ಮನುಷ್ಯನಿಂದ ಶುರು ಮಾಡುವುದಾದರೆ ದೇವರಾಜ ಅರಸರಿಂದ ಮಾಡಬೇಕು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿದವರು ಅವರು, ತಮ್ಮವರಿಗಾಗಿ ಇದ್ದ ಒಂದು ಸೂರಿನ ಬೆಲೆ ಗೊತ್ತಿತ್ತು. 1972ರಲ್ಲಿ ಎಲ್.ಜಿ. ಹಾವನೂರ ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು, 1977ರಲ್ಲಿ ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಇಲಾಖೆ ಬೇರೆಯಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಬಿಸಿಎಂ. ಅಲ್ಪಸಂಖ್ಯಾತರಿಗೆ ಆಮೇಲೆ ಪ್ರತ್ಯೇಕ ಇಲಾಖೆಯಾದರೂ ನಮ್ಮ ಕಡೆ ಇವತ್ತಿಗೂ ‘ಬಿಸಿಎಂ ಹಾಸ್ಟೆಲ್’ ಎಂದೇ ಅನ್ನುವುದು. ಎಂ ಎಂದರೆ ಏನು ಎಂದು ಅಲ್ಲಿದ್ದ ಹುಡುಗರನ್ನೇ ಕೇಳಿ ನೋಡಿ, ‘ಮೆಸ್’ ಎನ್ನುವವರೂ ಸಿಗುತ್ತಾರೆ. ಅದಕ್ಕೂ ಮೊದಲಿನಿಂದ ಸಮಾಜ ಕಲ್ಯಾಣ ಇಲಾಖೆಯ ಪರಿಶಿಷ್ಟ ಜಾತಿಯವರ ಹಾಸ್ಟೆಲುಗಳಿದ್ದವು. ತಾಲ್ಲೂಕು ಊರಿಗೆ ಒಂದು ಅದು, ಒಂದು ಇದು. ನಡುವೆ ಒಂದು ರಸ್ತೆ.

ನಮ್ಮಲ್ಲಿ ಇಬ್ಬರು ರಸ್ತೆಯ ಈಚೆ ಹಾಸ್ಟೆಲಿನವರು. ಹಾಗಾಗಿ ಇಲ್ಲಿಯ ಸಂಪ್ರದಾಯಗಳನ್ನು ಕೇಳಿದ್ದಕ್ಕಿಂತ ಅನುಭವಿಸಿ ಬರೆಯುತ್ತಿದ್ದೇವೆ.

ಮೊದಲನೆಯದು ರೊಟ್ಟಿ ಗಂಟು. ಸೋಮವಾರ ಬೆಳಗಿನ ಮೊದಲ ಕೆಂಪು ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಬಾನೆಟ್ ಮೇಲೆ, ಬಟ್ಟೆಯ ಗಂಟುಗಳ ಸಾಲು ಬರುತ್ತಿತ್ತು. ಗಂಟಿಗೆ ಹೆಸರು ಬರೆಯುತ್ತಿರಲಿಲ್ಲ, ಬಟ್ಟೆಯ ಬಣ್ಣವೇ ವಿಳಾಸ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಸೀಸೆಯಲ್ಲಿ ಪುಂಡಿ ಪಲ್ಯ. ಬಸ್‌ಸ್ಟ್ಯಾಂಡಿಗೆ ಹೋಗಿ ಗಂಟು ತರುವ ಪಾಳಿ ಜೂನಿಯರುಗಳದು. ಗಂಟು ಯಾರದೇ ಇರಲಿ, ರೂಮಿನಲ್ಲಿ ಬಿಚ್ಚಿದ ಮೇಲೆ ಅದು ರೂಮಿನದು. ಒಬ್ಬನ ಗಂಟು ಮೂರು ವಾರ ಬರದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು ಎಂಬುದೂ ಸಂಪ್ರದಾಯ. ಕಾಲುವೆಯ ಕೊನೆಯಂಚಿನ ಊರುಗಳಿಗೆ ಆ ವರ್ಷ ನೀರು ತಲುಪಿಲ್ಲ ಎಂದು ನಮಗೆ ಪೇಪರಿಗಿಂತ ಮೊದಲು ಗಂಟಿನಿಂದ ಗೊತ್ತಾಗುತ್ತಿತ್ತು.

ಎರಡನೆಯದು ಪುಸ್ತಕದ ಆಸ್ತಿ. ಫೈನಲ್ ಇಯರ್ ಮುಗಿಸಿದವರು ಗೈಡು, ನೋಟ್ಸು, ತಟ್ಟೆ, ಬಕೆಟ್ಟು ಎಲ್ಲವನ್ನೂ ಅದೇ ರೂಮಿಗೆ ಬಿಟ್ಟು ಹೋಗಬೇಕು. ನಮಗೆ ಸಿಕ್ಕ ಇತಿಹಾಸದ ಗೈಡಿನ ಮೊದಲ ಪುಟದಲ್ಲಿ ಐದು ಹೆಸರುಗಳಿದ್ದವು, ಒಂದರ ಮೇಲೆ ಒಂದು ಗೆರೆ ಎಳೆದು. ಆರನೆಯದನ್ನು ನಾವು ಬರೆದೆವು.

ಮೂರನೆಯದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಮೊದಲ ವಾರದ ‘ಪರಿಚಯ’. ರಾತ್ರಿ ಊಟವಾದ ಮೇಲೆ ಹೊಸಬರನ್ನು ದೊಡ್ಡ ರೂಮಿಗೆ ಕರೆಯುತ್ತಿದ್ದರು. ಹಾಡು, ಕುಣಿ, ಊರಿನ ಹೆಸರು ಉಲ್ಟಾ ಹೇಳು, ಇಲ್ಲಿಯವರೆಗೆ ತಮಾಷೆ. ಅಲ್ಲಿಂದ ಮುಂದಿನದು ತಮಾಷೆಯಾಗಿರಲಿಲ್ಲ. ಒಬ್ಬ ಹುಡುಗ ಮೂರನೆಯ ದಿನ ಟ್ರಂಕು ಅಲ್ಲೇ ಬಿಟ್ಟು ಊರಿಗೆ ಹೋದ, ತಿರುಗಿ ಬರಲಿಲ್ಲ. ಅವನ ಅಪ್ಪ ಬಂದು ಟ್ರಂಕು ಒಯ್ದರು, ಯಾರ ಮುಖವನ್ನೂ ನೋಡಲಿಲ್ಲ. ಮರುವರ್ಷ ನಾವು ಸೀನಿಯರುಗಳಾದಾಗ ‘ಪರಿಚಯ’ ನಿಲ್ಲಿಸಿದೆವು ಎಂದು ಬರೆಯಲು ಆಸೆ. ನಿಲ್ಲಿಸಲಿಲ್ಲ, ಸ್ವಲ್ಪ ಕಡಿಮೆ ಮಾಡಿದೆವು ಅಷ್ಟೆ. ಕರ್ನಾಟಕ ಶಿಕ್ಷಣ ಕಾಯಿದೆ 1983ರಲ್ಲೇ ರ‍್ಯಾಗಿಂಗ್ ಅಪರಾಧ, 2001ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2009ರಲ್ಲಿ ಯುಜಿಸಿ ನಿಯಮ ಮಾಡಿತು. ನಮ್ಮ ಗೋಡೆಗೂ ಒಂದು ಫಲಕ ಅಂಟಿಸಿದ್ದರು. ಅದರ ಕೆಳಗೇ ಹೊಸಬರನ್ನು ಸಾಲಾಗಿ ನಿಲ್ಲಿಸುತ್ತಿದ್ದದ್ದು.

ಈ ಬರಹವನ್ನು ಇಲ್ಲಿಗೆ ಮುಗಿಸಿ ನಮ್ಮ ಗುಂಪಿನ ಉಳಿದ ಇಬ್ಬರಿಗೆ ಓದಲು ಕೊಟ್ಟಿದ್ದೆವು. ಒಬ್ಬ ರಸ್ತೆಯ ಆಚೆ ಹಾಸ್ಟೆಲಿನವನು. ಓದಿ, “ಚಲೋ ಬರದೀರಿ. ಆದ್ರ ನಮ್ಮ ಹಾಸ್ಟೆಲ್ ಎಲ್ಲೈತಿ ಇದರಾಗ? ‘ನಡುವೆ ಒಂದು ರಸ್ತೆ’, ಅಷ್ಟನಾ?” ಎಂದ.

ಅವನು ಹೇಳಿದ ಮೇಲೆ ಮತ್ತೆ ಓದಲು ಕೂತೆವು. ದಲಿತರ ಹಾಸ್ಟೆಲುಗಳ ಚರಿತ್ರೆ ಬರಿ ಸೂರಿನ ಚರಿತ್ರೆಯಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆ ಎದ್ದಿತು, ಅವರು ಮಂತ್ರಿ ಸ್ಥಾನ ಕಳೆದುಕೊಂಡರು. ಆ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಉಸ್ಮಾನಿಯಾದ ಹುಡುಗರು ಹಾಡಿದ್ದಕ್ಕೆ ಹಾಸ್ಟೆಲಿನಿಂದ ಹೊರಗೆ ಬಿದ್ದರು, ಇವರಿಗೆ ಬೇರೆ ಯಾರೋ ಆಡಿದ ಒಂದು ಮಾತಿಗೆ ತಮ್ಮ ಹಾಸ್ಟೆಲಿನ ಒಳಗೂ ರಕ್ಷಣೆ ಸಿಗಲಿಲ್ಲ. ಅಲ್ಲಿಂದಲೇ ಒಬ್ಬರನ್ನೊಬ್ಬರು ಹುಡುಕಿಕೊಂಡ ಹುಡುಗರು ಮುಂದೆ ದಲಿತ ಸಂಘರ್ಷ ಸಮಿತಿಯಾಗಿ ಬೆಳೆದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕವಿ ಸಿದ್ದಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬೆಂಗಳೂರಿನ ಹಾಸ್ಟೆಲಿನ ದಿನಗಳಿವೆ. ಹಸಿವು ಇದೆ, ನಗುವೂ ಇದೆ, ಓದಿಲ್ಲದವರು ಓದಬೇಕು. ಇನ್ನೂ ಹಿಂದಕ್ಕೆ ಹೋದರೆ, ನಮ್ಮದೇ ಹೈದರಾಬಾದ್ ರಾಜ್ಯದಲ್ಲಿದ್ದ ಔರಂಗಾಬಾದಿನಲ್ಲಿ ಅಂಬೇಡ್ಕರರು 1950ರಲ್ಲಿ ಮಿಲಿಂದ್ ಕಾಲೇಜು ತೆರೆದರು. ಮರಾಠವಾಡದ ಹಳ್ಳಿಗಳಿಂದ ಬಂದು ಅಲ್ಲಿ ಓದಿದ ಹುಡುಗರಿಂದ ಮರಾಠಿಯ ದಲಿತ ಸಾಹಿತ್ಯಕ್ಕೆ ಒಂದು ತಲೆಮಾರೇ ಬಂತು.

ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಸಿಗದಿರುವುದು ಇದು: ಎರಡು ಹಾಸ್ಟೆಲಿನ ಹುಡುಗರು ಭಾನುವಾರ ಒಂದೇ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಒಂದೇ ಬ್ಯಾಟು, ಒಂದೇ ಟೆನಿಸ್ ಬಾಲು. ಆಟ ಮುಗಿದ ಮೇಲೆ ನಾವು ಈ ಕಡೆ, ಅವರು ಆ ಕಡೆ. ಮೂರು ವರ್ಷದಲ್ಲಿ ನಮ್ಮ ರೊಟ್ಟಿ ಗಂಟು ಒಮ್ಮೆಯೂ ರಸ್ತೆ ದಾಟಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಬಾ ಎಂದೂ ಯಾರೂ ಅನ್ನಲಿಲ್ಲ. ನಮ್ಮ ಗೆಳೆಯ ಆಗ ಅವರ ಟೀಮಿನ ಬೌಲರ್. ಅವನ ಹೆಸರು ನಮಗೆ ಗೊತ್ತಾಗಿದ್ದು ವಿಶ್ವವಿದ್ಯಾಲಯಕ್ಕೆ ಹೋಗಿ ಪತ್ರಿಕೋದ್ಯಮ ವಿಭಾಗದಲ್ಲಿ ಒಂದೇ ಬೆಂಚಿನ ಮೇಲೆ ಕೂತ ಮೇಲೆ. ಅಲ್ಲಿಯವರೆಗೆ ಅವನು ನಮಗೆ ‘ಎಡಗೈ ಬೌಲರ್’.

ನಮ್ಮ ಗುಂಪಿನ ನಾಲ್ಕನೆಯವಳು ಬಾಲಕಿಯರ ಹಾಸ್ಟೆಲಿನಲ್ಲಿ ಇದ್ದವಳು. ಅವಳ ತಕರಾರು ಚಿಕ್ಕದು: “ನಿಮ್ಮ ಕಥೆಯೊಳಗ ಎಲ್ಲಾ ಅಣ್ಣತಮ್ಮರೇ.” ಸಂಜೆ ಆರಕ್ಕೆ ಗೇಟು, ಎಂಟಕ್ಕೆ ಹಾಜರಿ, ಊರಿಗೆ ಹೋಗಬೇಕಾದರೆ ಅಪ್ಪನ ಸಹಿ. ಒಳಗೆ ಅವರದೂ ಗಂಟುಗಳಿದ್ದವು, ಗೈಡುಗಳಿದ್ದವು, ಅಡ್ಡ ಹೆಸರುಗಳಿದ್ದವು. “ಹದಿಮೂರು ನಂಬರ್ ಅಂತ ಕರೀತಿದ್ದರು ನನ್ನ. ಮದುವಿ ಆದಮ್ಯಾಲ ಹಂಗ ಕರೆಯೋರು ಒಬ್ಬರೂ ಸಿಕ್ಕಿಲ್ಲ. ಎಲ್ಲಾರೂ ಒಂದೊಂದು ಊರಿಗೆ ಹೋದರು. ಮದುವಿಯೊಳಗ ಸಾಲಾಗಿ ಕುಂತು ಹೋಳಿಗಿ ಉಣ್ಣಾಕ ನಮಗ ಯಾರು ಬಿಡತಾರ?” ಅವಳ ರೂಮಿನ ಐವರಲ್ಲಿ ಮೂವರ ಈಗಿನ ಫೋನ್ ನಂಬರ್ ಅವಳ ಹತ್ತಿರ ಇಲ್ಲ. ಇಬ್ಬರು ಡಿಗ್ರಿ ಮುಗಿಸುವ ಮೊದಲೇ ಹೋದವರು.

ಆ ಮದುವೆಯ ಸಾಲನ್ನು ಈಗ ನೆನೆಸಿಕೊಂಡರೆ ಅವತ್ತು ಗಮನಿಸದ ಒಂದು ಸಂಗತಿ ಕಾಣುತ್ತದೆ. ಆ ಏಳೆಂಟು ಮಂದಿಯೂ ಒಂದೇ ಸಮಾಜದವರು. ಬೋರ್ಡಿಂಗು ಆ ಸಮಾಜದ್ದು, ಹಾಗಾಗಿ ಅದರಲ್ಲಿ ಆಶ್ಚರ್ಯವಿಲ್ಲ. ನಲವತ್ತು ವರ್ಷ ಕಳೆದರೂ ಒಬ್ಬರ ಶುಗರ್ ಇನ್ನೊಬ್ಬರಿಗೆ ಗೊತ್ತಿರುವ ಆ ಪ್ರೀತಿಯಲ್ಲಿ ಸುಳ್ಳಿಲ್ಲ. ಹಾಗೆಯೇ, ಕೊಪ್ಪಳದ ಗವಿಮಠದ ಸ್ವಾಮೀಜಿ 2022ರಲ್ಲಿ 5,000 ಮಕ್ಕಳ ಹಾಸ್ಟೆಲ್ ಕಟ್ಟುವ ಸಮಾರಂಭದಲ್ಲಿ ಮಾತನಾಡುತ್ತಾ ಕಣ್ಣೀರಾದದ್ದನ್ನು ಮೊಬೈಲಿನಲ್ಲಿ ನೋಡಿ ನಮ್ಮ ಮನೆಗಳಲ್ಲಿಯೂ ಅತ್ತರು. ಒಂದು ಹಾಸಿಗೆ, ಎರಡು ಹೊತ್ತಿನ ಊಟ ಎಂದರೆ ಏನೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿರವಾರ ಈಗ ತಾಲ್ಲೂಕು. ಮೊದಲು ಮಾನ್ವಿಗೋ ರಾಯಚೂರಿಗೋ ಹೋಗಬೇಕಾಗಿದ್ದ ಕೆಲಸಗಳು ಇಲ್ಲೇ ಆಗುತ್ತವೆ. ಆದರೂ ಜೂನ್ ಬಂದರೆ ಹಾಸ್ಟೆಲ್ ಸೀಟಿಗಾಗಿ ಜಾತಿ, ಆದಾಯ ಪ್ರಮಾಣಪತ್ರ ಹಿಡಿದು ಸೈಬರ್ ಸೆಂಟರಿನ ಮುಂದೆ ನಿಂತ ಅಪ್ಪಂದಿರ ಸಾಲು ಹಾಗೇ ಇದೆ. ಸರ್ವರ್ ಡೌನ್ ಎಂದರೆ ಅಲ್ಲೇ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಾರೆ.

ನಮ್ಮ ಹಾಸ್ಟೆಲಿನವರದೂ ಒಂದು ವಾಟ್ಸ್ಆ್ಯಪ್ ಗುಂಪು ಇದೆ, 63 ಜನ. ಹೆಚ್ಚಾಗಿ ಹುಟ್ಟುಹಬ್ಬದ ಕೇಕು, ಹತ್ತಿ ರೇಟು, ನೌಕರಿ ನೋಟಿಫಿಕೇಶನ್. ಹೋದ ತಿಂಗಳು ನಮ್ಮಲ್ಲಿ ಒಬ್ಬ ಅಲ್ಲಿ ಒಂದು ಸಂದೇಶ ಹಾಕಿದ. ಈ ಸಲ ಹಾಸ್ಟೆಲ್ ಸೀಟು ಸಿಗದ ಹುಡುಗನೊಬ್ಬ ರಾಯಚೂರಿನಲ್ಲಿ ರೂಮು ಮಾಡಿದ್ದಾನೆ, ಮೂರು ತಿಂಗಳ ಬಾಡಿಗೆ ಕೂಡಿಸಿ ಕೊಡೋಣ ಎಂದು. ಐದು ನಿಮಿಷದಲ್ಲಿ ನಾಲ್ಕು ಹೆಬ್ಬೆರಳು ಬಂದವು. ಆಮೇಲೆ ಒಬ್ಬರು ಕೇಳಿದರು, “ನಮ್ಮ ಹಾಸ್ಟೆಲ್‌ನಾಗ ಅರ್ಜಿ ಹಾಕಿದ್ದನೋ, ಆ ಕಡಿ ಹಾಸ್ಟೆಲ್‌ನಾಗೋ?”

“ಆ ಕಡಿ” ಎಂದು ಬರೆದೆವು.

ಸಂಜೆಯವರೆಗೆ ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ರಾತ್ರಿ ಒಂಬತ್ತೂವರೆಗೆ ಒಂದು ಫೋನ್‌ಪೇ ಸ್ಕ್ರೀನ್‌ಶಾಟ್ ಬಂತು, ಐದುನೂರು ರೂಪಾಯಿ. ಕಳಿಸಿದವನು ನಮಗಿಂತ ಎರಡು ವರ್ಷ ಚಿಕ್ಕವನು, ನಾವು ಸೀನಿಯರುಗಳಾಗಿದ್ದಾಗ ‘ಪರಿಚಯ’ದಲ್ಲಿ ನಿಲ್ಲಿಸಿದವರಲ್ಲಿ ಒಬ್ಬ. ಬೆಳಗಾಗುವ ಹೊತ್ತಿಗೆ ಹನ್ನೊಂದು ಸ್ಕ್ರೀನ್‌ಶಾಟ್ ಆಗಿದ್ದವು. ಒಂದು ತಿಂಗಳ ಬಾಡಿಗೆಗೆ ಸಾಕಾಗುತ್ತದೆ, ಇನ್ನೆರಡು ತಿಂಗಳದ್ದು ಬಾಕಿ ಇದೆ.